ಹಗಲು ಹೊತ್ತು ಕೋಲಾರದವರು ಎಲ್ಲಿರುತ್ತಾರೆ? ಜನರ ಓಡಾಟದ ನಕ್ಷೆ ಮಾಡೋದು ಹೀಗೆ

[ಪರದೆ ಮೇಲೆ: ಕೋಲಾರ ಜಿಲ್ಲೆ ಮತ್ತು ಬೆಂಗಳೂರಿನ ನಕ್ಷೆ]

ನಮಸ್ಕಾರ. 2011ರ ಜನಗಣತಿ ಪ್ರಕಾರ ಕೋಲಾರ ಜಿಲ್ಲೆಯ ಜನಸಂಖ್ಯೆ 15 ಲಕ್ಷದ 36 ಸಾವಿರ. ಸರಿ, ಆದರೆ ಇದು ಯಾವ ಹೊತ್ತಿನ ಲೆಕ್ಕ? ಮಧ್ಯಾಹ್ನ 12 ಗಂಟೆಗೆ ಇಷ್ಟೂ ಜನ ಜಿಲ್ಲೆಯಲ್ಲೇ ಇರುತ್ತಾರಾ?

ಇರಲ್ಲ. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್, ಬಂಗಾರಪೇಟೆ, ಟೇಕಲ್, ಮಾಲೂರು, ಈ ಸ್ಟೇಷನ್‌ಗಳಲ್ಲಿ ಬೆಳಗಿನ ಟ್ರೇನ್ ಹತ್ತಿದವರು ಆ ಹೊತ್ತಿಗೆ ಬೆಂಗಳೂರಲ್ಲಿ ಕೆಲಸದಲ್ಲಿ ಇರುತ್ತಾರೆ. ಅಲ್ಲಿನ ನೀರು ಕುಡಿಯುತ್ತಾರೆ, ಅಲ್ಲಿನ ಬಸ್ಸಲ್ಲಿ ನಿಂತು ಹೋಗುತ್ತಾರೆ, ಹುಷಾರು ತಪ್ಪಿದರೆ ಅಲ್ಲಿನ ಆಸ್ಪತ್ರೆಗೇ ಹೋಗುತ್ತಾರೆ. ಲೆಕ್ಕದಲ್ಲಿ ಮಾತ್ರ ಇಡೀ ದಿನ ಇಲ್ಲೇ ಇರುತ್ತಾರೆ.

ಜನಗಣತಿ ಎಣಿಸೋದು ಜನ ವಾಸ ಮಾಡುವ ಜಾಗದಲ್ಲಿ. 2011ರ ಲೆಕ್ಕಕ್ಕೆ ಇಟ್ಟುಕೊಂಡ ಘಳಿಗೆ ಫೆಬ್ರವರಿ 28 ಮುಗಿದು ಮಾರ್ಚ್ 1 ಶುರುವಾಗುವ ನಡುರಾತ್ರಿ. ಅಂದರೆ ನಮ್ಮ ಕೈಲಿರೋದು ರಾತ್ರಿಯ ನಕ್ಷೆ. ಅದು ತಪ್ಪಲ್ಲ, ಅದೂ ಬೇಕು. ಆದರೆ ಟ್ರೇನ್ ಎಷ್ಟು ಬೇಕು, ಬಸ್ ಎಲ್ಲಿಗೆ ಬೇಕು ಅಂತ ಅದನ್ನೊಂದೇ ನೋಡಿ ತೀರ್ಮಾನ ಮಾಡೋಕೆ ಆಗಲ್ಲ.

ಬೇರೆ ಊರುಗಳಲ್ಲಿ ಈ ಕೆಲಸ ಆಗಿದೆ. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ವಾಸ ಮಾಡೋರು ಸುಮಾರು 16 ಲಕ್ಷ. ಕೆಲಸದ ದಿನ ಹಗಲಲ್ಲಿ ಅಲ್ಲಿ ಹತ್ತಿರ ಹತ್ತಿರ 40 ಲಕ್ಷ ಜನ ಇರುತ್ತಾರೆ ಅಂತ 2012ರಲ್ಲಿ ಅಲ್ಲಿನ ವಿಶ್ವವಿದ್ಯಾಲಯವೊಂದು ಲೆಕ್ಕ ಹಾಕಿತು. ಟೋಕಿಯೊದಲ್ಲಂತೂ 1968ರಿಂದ ಹತ್ತು ವರ್ಷಕ್ಕೊಮ್ಮೆ ಆಯ್ದ ಮನೆಗಳವರನ್ನು ಕೇಳುತ್ತಾರೆ: ಗೊತ್ತುಮಾಡಿದ ಒಂದು ದಿನ ಎಲ್ಲಿಂದ ಎಲ್ಲಿಗೆ, ಯಾವ ಹೊತ್ತಿಗೆ, ಯಾತರಲ್ಲಿ ಹೋದಿರಿ ಅಂತ.

[ಪರದೆ ಮೇಲೆ: ಬಂಗಾರಪೇಟೆ–ಮಾರಿಕುಪ್ಪಂ ರೈಲು ದಾರಿ]

ಈಗ ನಮ್ಮ ದಾರಿಗೆ ಬರೋಣ. ಮಾರಿಕುಪ್ಪಂ ತನಕದ ಈ ಹಳಿ ಹಾಕಿದ್ದು 1894ರಲ್ಲಿ, ಚಿನ್ನದ ಗಣಿಗೋಸ್ಕರ. ಆಗ ಕೆಲಸ ಹುಡುಕಿಕೊಂಡು ಜನ ಕೆಜಿಎಫ್‌ಗೆ ಬರುತ್ತಿದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಮನೆ ಇಲ್ಲೇ ಉಳಿಯಿತು, ಕೆಲಸ ಬೆಂಗಳೂರಿಗೆ ಹೋಯಿತು, ಅದೇ ಹಳಿ ಮೇಲೆ ಈಗ ಜನ ಉಲ್ಟಾ ದಿಕ್ಕಿಗೆ ಓಡಾಡುತ್ತಿದ್ದಾರೆ. ಮಾರಿಕುಪ್ಪಂನಿಂದಾದರೆ ಹೋಗ್ತಾ ಸುಮಾರು 85 ಕಿಲೋಮೀಟರ್, ಬರ್ತಾ ಅಷ್ಟೇ, ದಿನಾ.

ಇವರನ್ನು ನಕ್ಷೆ ಮೇಲೆ ತರೋದು ಹೇಗೆ? ಲೆಕ್ಕ ಕೇಳೋಕೆ ಸುಲಭ. ರಾತ್ರಿ ಇದ್ದ ಜನ ಎಷ್ಟೋ ಅದರಿಂದ ಹೊರಗೆ ಹೋದವರನ್ನು ಕಳೆಯಿರಿ, ಒಳಗೆ ಬಂದವರನ್ನು ಕೂಡಿ. ಗಂಟೆಗೊಂದು ಸಲ, ಊರೂರಿಗೂ ಹೀಗೆ ಮಾಡಿದರೆ ನಕ್ಷೆ ಉಸಿರಾಡೋಕೆ ಶುರು ಮಾಡುತ್ತೆ. ಕಷ್ಟ ಇರೋದು ಹೋದವರು ಎಷ್ಟು, ಬಂದವರು ಎಷ್ಟು ಅಂತ ತಿಳಿಯೋದರಲ್ಲಿ.

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಒಂದು ಬೆಳಗ್ಗೆ ನಿಂತು ನೋಡಿ. ಟಿಕೆಟ್ ಕೌಂಟರ್ ಹತ್ತಿರ ಒಂದಿಷ್ಟೇ ಜನ. ಉಳಿದವರು ಊಟದ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಸೀದಾ ಪ್ಲಾಟ್‌ಫಾರ್ಮಿಗೆ ಹೋಗುತ್ತಾರೆ, ತಮ್ಮ ಬೋಗಿ ಎಲ್ಲಿ ನಿಲ್ಲುತ್ತೋ ಅಲ್ಲೇ ನಿಲ್ಲುತ್ತಾರೆ. ಯಾಕೆಂದರೆ ಜೇಬಲ್ಲಿ ಪಾಸ್ ಇದೆ. ತಿಂಗಳಿಗೊಂದು ಸಲ ಮಾಡಿಸಿದ ಪಾಸಲ್ಲಿ ಆ ಮನುಷ್ಯ ಎಷ್ಟು ದಿನ ಹೋದ, ಯಾವ ಟ್ರೇನಿಗೆ ಹೋದ, ಎಲ್ಲಿ ಇಳಿದ, ಯಾವುದೂ ಬರೆದಿರಲ್ಲ. ಮೆಟ್ರೋದಲ್ಲಾದರೆ ಒಳಗೆ ಹೋಗುವಾಗ ಒಂದು ಗೇಟು, ಹೊರಗೆ ಬರುವಾಗ ಒಂದು ಗೇಟು, ಎರಡೂ ಕಡೆ ಲೆಕ್ಕ ಸಿಗುತ್ತೆ. ರೈಲ್ವೆ ಸ್ಟೇಷನ್ನಿನಲ್ಲಿ ಅಂಥ ಗೇಟು ಇಲ್ಲ.

ಇದರಿಂದ ಆಗೋ ತಪ್ಪು ನೋಡಿ. ಮಾಲೂರಿನ ಒಬ್ಬ ಹುಡುಗಿ ವೈಟ್‌ಫೀಲ್ಡ್‌ನಲ್ಲಿ ಇಳಿದು ಪಕ್ಕದ ಮೆಟ್ರೋ ಹತ್ತುತ್ತಾಳೆ ಅಂದುಕೊಳ್ಳಿ. 2023ರಲ್ಲಿ ಮೆಟ್ರೋದ ನೇರಳೆ ಮಾರ್ಗ ವೈಟ್‌ಫೀಲ್ಡ್ ತನಕ ಬಂದ ಮೇಲೆ ಅದು ಸುಲಭ ಆಗಿದೆ. ಮೆಟ್ರೋ ಲೆಕ್ಕದಲ್ಲಿ ಅವಳ ಪ್ರಯಾಣ ಶುರುವಾಗೋದೇ ಆ ಮೆಟ್ರೋ ಸ್ಟೇಷನ್ ಇರುವ ಕಾಡುಗೋಡಿಯಿಂದ. ಆ ಲೆಕ್ಕ ನೋಡಿದವರು ಕಾಡುಗೋಡಿ ಸುತ್ತ ಜನ ಜಾಸ್ತಿ ಇದ್ದಾರೆ ಅಂದುಕೊಳ್ಳುತ್ತಾರೆ. ಮಾಲೂರು ಅವರ ಕಣ್ಣಿಗೆ ಬೀಳೋದೇ ಇಲ್ಲ.

ಮೊಬೈಲ್ ಟವರ್ ಲೆಕ್ಕ ಇದೆಯಲ್ಲ ಅನ್ನಬಹುದು. ಇದೆ, ಒಳ್ಳೆಯದೇ. ರಾತ್ರಿ ಫೋನ್ ಎಲ್ಲಿರುತ್ತೋ ಅದು ಮನೆ, ಹಗಲು ಜಾಸ್ತಿ ಹೊತ್ತು ಎಲ್ಲಿರುತ್ತೋ ಅದು ಕೆಲಸದ ಜಾಗ ಅಂತ ಸಾಮಾನ್ಯವಾಗಿ ಹಿಡಿಯುತ್ತಾರೆ. ಆದರೆ ನಮ್ಮ ಜಿಲ್ಲೆಯ ನರಸಾಪುರದ ಫ್ಯಾಕ್ಟರಿಗಳಲ್ಲಿ ನೈಟ್ ಶಿಫ್ಟ್ ಮಾಡೋರ ಗತಿ ಏನು? ಸುಮ್ನೆ ಈ ಲೆಕ್ಕ ಹಾಕಿದರೆ ಅವರ ಮನೆ ಫ್ಯಾಕ್ಟರಿಯೇ ಆಗಿಬಿಡುತ್ತೆ, ನಿಜವಾದ ಮನೆ ಕೆಲಸದ ಜಾಗ ಆಗುತ್ತೆ. ಕಂಪನಿ ಬಸ್ಸುಗಳ ಶಿಫ್ಟ್ ಸಮಯ ಗೊತ್ತಿರುವ ಸ್ಥಳೀಯರು ಜೊತೆಯಲ್ಲಿ ಕೂತು ನೋಡದೆ ಇದು ಸರಿಹೋಗಲ್ಲ. ಹಳ್ಳಿ ಕಡೆ ಇನ್ನೊಂದು ತೊಂದರೆ, ಒಂದೇ ಟವರ್ ಕೆಳಗೆ ನಾಲ್ಕಾರು ಊರು ಬರುತ್ತವೆ.

ಇನ್ನು ಜನರ ಖಾಸಗಿತನದ ವಿಷಯ. ಇದನ್ನು ಹಗುರವಾಗಿ ತಗೋಬೇಡಿ. 15 ಲಕ್ಷ ಜನರ ಫೋನ್ ಓಡಾಟ ನೋಡಿದ 2013ರ ಒಂದು ಅಧ್ಯಯನದಲ್ಲಿ, ಬರೀ ನಾಲ್ಕು ಜಾಗ ಮತ್ತು ಸಮಯ ಗೊತ್ತಿದ್ದರೆ ಸಾಕು, ಹೆಸರಿಲ್ಲದಿದ್ದರೂ 100ಕ್ಕೆ 95 ಜನರ ಜಾಡು ಬೇರೆಯಾಗಿ ಗುರುತು ಸಿಗುತ್ತೆ ಅಂತ ಕಂಡುಬಂತು. ಒಂದು ಸಣ್ಣ ಊರಿಂದ ಬೆಳಗಿನ ಜಾವ ಒಬ್ಬಳೇ ಹೆಂಗಸು ಕೆಲಸಕ್ಕೆ ಹೊರಡುತ್ತಾಳೆ ಅಂದರೆ ನಕ್ಷೆಯಲ್ಲಿ ಆ ಗೆರೆ ಅವಳ ಹೆಸರೇ ಆಯಿತಲ್ವಾ? ಅಂಥ ಕಡೆ ನಾಲ್ಕಾರು ಊರು ಸೇರಿಸಿಯೇ ತೋರಿಸಬೇಕು. ಅಲ್ಲೂ ಸಂಖ್ಯೆ ತೀರಾ ಕಮ್ಮಿ ಇದ್ದರೆ ತೋರಿಸಲೇಬಾರದು.

2011ರ ಜನಗಣತಿಯಲ್ಲೇ ಒಂದು ಹೆಜ್ಜೆ ಇಟ್ಟಿದ್ದರು. ಬೇಸಾಯ ಮತ್ತು ಮನೆ ಕಸುಬು ಬಿಟ್ಟು ಬೇರೆ ಕೆಲಸ ಮಾಡೋರನ್ನು, ಕೆಲಸಕ್ಕೆ ಎಷ್ಟು ದೂರ, ಯಾತರಲ್ಲಿ ಹೋಗುತ್ತೀರಿ ಅಂತ ಕೇಳಿದ್ದರು. ಎಲ್ಲಿಗೆ ಅಂತ ಕೇಳಲಿಲ್ಲ. ಹಾಗಾಗಿ ಕೆಜಿಎಫ್‌ನಿಂದ 51 ಕಿಲೋಮೀಟರ್‌ಗಿಂತ ಜಾಸ್ತಿ ಟ್ರೇನಲ್ಲಿ ಹೋದವರು ಬೆಂಗಳೂರಿಗೆ ಹೋದರೋ, ತಮಿಳುನಾಡಿನ ಕಡೆ ಹೋದರೋ ಆ ಪಟ್ಟಿಯಲ್ಲಿ ಗೊತ್ತಾಗಲ್ಲ. 2027ರ ಜನಗಣತಿ ಬರ್ತಾ ಇದೆ. ಆ ಒಂದು ಪ್ರಶ್ನೆ ಸೇರಿಸಿ ಅಂತ ನಾವು ಈಗಲೇ ಕೇಳಬೇಕು.

[ಪರದೆ ಮೇಲೆ: ಬೆಂಗಳೂರು ಮಹಾನಗರ ಪ್ರದೇಶದ ಗಡಿ]

ಇಷ್ಟೆಲ್ಲಾ ಯಾಕೆ ಅಂದರೆ ಈ ಗೆರೆ ನೋಡಿ. ಬೆಂಗಳೂರು ಮಹಾನಗರ ಪ್ರದೇಶ ಅಂತ ಯೋಜನೆ ಮಾಡುವಾಗ ಬೆಂಗಳೂರು ನಗರ, ಗ್ರಾಮಾಂತರ, ರಾಮನಗರದ ಕಡೆ ಸೇರಿದವು. ಕೋಲಾರ ಹೊರಗೆ. 148 ಕಿಲೋಮೀಟರ್‌ನ ಉಪನಗರ ರೈಲು ಯೋಜನೆಯಲ್ಲೂ ನಮ್ಮ ದಿಕ್ಕಿನ ಮಾರ್ಗ ಕೆಂಗೇರಿಯಿಂದ ಹೊರಟು ವೈಟ್‌ಫೀಲ್ಡ್‌ಗೆ ನಿಲ್ಲುತ್ತೆ. ನಿಂತುಕೊಂಡು ಹೋಗುವ ಜನ ಮಾತ್ರ ಅದರ ಎಷ್ಟೋ ಆಚೆಯಿಂದ ಬರುತ್ತಿದ್ದಾರೆ.

ಸರ್ಕಾರದ ಸಮೀಕ್ಷೆ ಬರುವ ತನಕ ಕಾಯೋದು ಬೇಡ. ನೀವು ಈ ಲೈನಲ್ಲಿ ಓಡಾಡೋರಾದರೆ ಮೂರೇ ವಿಷಯ ಬರೆದು ಕಳಿಸಿ: ಹತ್ತುವ ಸ್ಟೇಷನ್, ಇಳಿಯುವ ಸ್ಟೇಷನ್, ಇಳಿದ ಮೇಲೆ ಯಾತರಲ್ಲಿ ಮುಂದೆ ಹೋಗುತ್ತೀರಿ. ಹೆಸರು ಬೇಡ, ಊರು ಬೇಡ, ಫೋನ್ ನಂಬರ್ ಖಂಡಿತ ಬೇಡ. ಬಂದಷ್ಟನ್ನು ಸ್ಟೇಷನ್ ಪ್ರಕಾರ ಕೂಡಿಸಿ ನಕ್ಷೆ ಮಾಡಿ ಮುಂದಿನ ವಿಡಿಯೋದಲ್ಲಿ ತೋರಿಸುತ್ತೇವೆ.