ಗೋದಾವರಿಯ ನಡುವೆ ಮುರಿಯುವ ಸಾಲು

ಕೇಳುಗರಿಗೆ ನಮಸ್ಕಾರ. ‘ಕನ್ನಡ’ ಎಂಬ ಮಾತನ್ನು ತೊಡೆಯ ಮೇಲೆ ತಾಳ ಹಾಕುತ್ತ ನಿಧಾನವಾಗಿ ಹೇಳಿ ನೋಡಿ. ಬರೆಯುವಾಗ ಅದು ಕ, ನ್ನ, ಡ. ಆದರೆ ನಾಲಿಗೆ ಒತ್ತಕ್ಷರವನ್ನು ಬಿಡಿಸಿ, ಮೊದಲ ನಕಾರವನ್ನು ಹಿಂದಿನ ಅಕ್ಷರಕ್ಕೆ ಸೇರಿಸುತ್ತದೆ: ಕನ್‌, ನ, ಡ. ಹ್ರಸ್ವವಾದ ‘ಕ’ ಗುರುವಾಗುವುದು ಈ ಭಾರದಿಂದ. ಒತ್ತಕ್ಷರದ ಹಿಂದಿನದು ಗುರು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ಸೂತ್ರದ ಕಾರಣ ಇಷ್ಟೇ. ದೀರ್ಘಸ್ವರ, ಐ, ಔ, ಅನುಸ್ವಾರ, ವಿಸರ್ಗ, ಕೊನೆಯಲ್ಲಿ ನಿಂತ ವ್ಯಂಜನ, ಇವಿದ್ದಾಗಲೂ ಗುರುವೇ. ಮಾತ್ರೆ ಎಂದರೆ ಉಚ್ಚಾರಣೆಯ ಕಾಲದ ಅಳತೆ: ಗುರುವಿಗೆ 2 ಮಾತ್ರೆ, ಉಳಿದ ಅಕ್ಷರಕ್ಕೆ, ಅಂದರೆ ಲಘುವಿಗೆ, 1.

ಇದು ಪದ್ಯದಲ್ಲಿ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು 9ನೆಯ ಶತಮಾನದ ಕವಿರಾಜಮಾರ್ಗದ ಪ್ರಸಿದ್ಧ ಕಂದವನ್ನೇ ತೆಗೆದುಕೊಳ್ಳೋಣ. ಕಂದ ಎಂದರೆ ನಾಲ್ಕು ಸಾಲಿನ ಪದ್ಯ; ಅದರಲ್ಲಿ 4 ಮಾತ್ರೆಯ ಗಣಗಳು, ಅಂದರೆ ಅಕ್ಷರಗಳ ಗುಂಪುಗಳು. ಮೊದಲ ಸಾಲಿಗೆ 3, ಎರಡನೆಯದಕ್ಕೆ 5. ಉತ್ತರಾರ್ಧವೂ ಹೀಗೆಯೇ, ಒಟ್ಟು 64 ಮಾತ್ರೆ. ಈಗ ಗಣ ಬಿಡಿಸಿ ಓದುತ್ತೇನೆ, ಗಮನವಿಟ್ಟು ಕೇಳಿ.

ಕಾವೇ, ರಿಯಿಂದ, ಮಾಗೋ;
ದಾವರಿ, ವರಮಿರ್‌, ದನಾಡ, ದಾಕನ್‌, ನಡದೊಳ್.

ಗೋದಾವರಿ ಸಾಲಿನ ಅಂಚಿನಲ್ಲಿ ಎರಡಾಯಿತು! ‘ಗೋ’ ಮೇಲುಳಿಯಿತು, ‘ದಾವರಿ’ ಕೆಳಗಿಳಿಯಿತು. ಇದರಿಂದ ‘ಕಾವೇ’ ಮತ್ತು ‘ದಾವ’ ಎರಡರಲ್ಲೂ ಎರಡನೆಯ ಅಕ್ಷರ ವಕಾರವಾಗಿ ಆದಿಪ್ರಾಸ ಕೂಡಿತು. ಆರನೆಯ ಗಣ ‘ದನಾಡ’. ಲಘು, ಗುರು, ಲಘು. ಕಂದದ ಪ್ರತಿ ಅರ್ಧದ 1, 3, 5, 7ನೆಯ ಬೆಸಗಣಗಳಲ್ಲಿ ಈ ಜಗಣ ಬರಬಾರದು, ಆರನೆಯ ಗಣದಲ್ಲಿ ಮಾತ್ರ ಅದೇ ಬೇಕು, ಇಲ್ಲವೇ ನಾಲ್ಕೂ ಲಘುವಾಗಿರಬೇಕು. ಉತ್ತರಾರ್ಧದ ಆರನೆಯ ಗಣದಲ್ಲಿ ಕವಿ ಆ ಇನ್ನೊಂದು ದಾರಿ ಹಿಡಿಯುತ್ತಾನೆ: ನ, ವಿ, ಶ, ದ. ಒಂದೇ ಪದ್ಯದಲ್ಲಿ ಎರಡೂ ಬಗೆ. ಎಂಥ ಹದ!

ಓದುವಾಗ ಎಲ್ಲಿ ತಪ್ಪುತ್ತೇವೆ? ಅರ್ಥ ಸ್ಪಷ್ಟವಾಗಲೆಂದು ಸಂಧಿ ಬಿಡಿಸಿದಾಗ. ‘ವರಮಿರ್ದ’ ಎಂದರೆ 5 ಮಾತ್ರೆ. ಅದನ್ನು ‘ವರಂ ಇರ್ದ’ ಎಂದು ತಡೆದು ಓದಿದರೆ ‘ರಂ’ ಗುರುವಾಗಿ 6 ಆಗುತ್ತದೆ, ಮುಂದಿನ ಗಣಗಳೆಲ್ಲ ಸರಿದುಹೋಗುತ್ತವೆ. ಪದಚ್ಛೇದವನ್ನು ಅರ್ಥ ಹೇಳುವಾಗ ಮಾಡಿ, ವಾಚನದಲ್ಲಿ ಬೇಡ.

ಇನ್ನೊಂದು ತಪ್ಪು ಹೊಸದಾಗಿ ಕಂದ ಕಟ್ಟುವವರದು. ‘ಕನ್ನಡದೊಳ್’ 6 ಮಾತ್ರೆ, ‘ಕನ್ನಡದಲ್ಲಿ’ 7. ಹೆಚ್ಚಿದ ಒಂದು ಮಾತ್ರೆ ಕೂಡಲೇ ಕಿವಿಗೆ ತಿಳಿಯುತ್ತದೆ. ‘ಕನ್ನಡದೊಳು’ ಎಂದರೆ ಲೆಕ್ಕವೇನೋ 6ಕ್ಕೇ ನಿಲ್ಲುತ್ತದೆ, ಆದರೆ ‘ದೊಳ್’ ಎಂಬ ಒಂದು ಗುರು ಎರಡು ಲಘುಗಳಾಗಿ ಒಡೆದಿರುತ್ತದೆ. ಕಂದದ ಅರ್ಧ ಮುಗಿಯಬೇಕಾದದ್ದು ಗುರುವಿನಲ್ಲಿ. ಹಳಗನ್ನಡದಲ್ಲಿ ವ್ಯಂಜನದಲ್ಲಿ ಮುಗಿಯುವ ಪದಗಳು ಹೇರಳವಾಗಿದ್ದವು, ಆ ನಿಲುಗಡೆ ಸಲೀಸಾಗಿ ಸಿಗುತ್ತಿತ್ತು. ಇಂದು ನಮ್ಮ ಮಾತುಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ. ಹಾಗಾಗಿ ಹೊಸಗನ್ನಡದಲ್ಲಿ ಕಂದ ಬರೆಯುವವರು ಸಾಲಿನ ತುದಿಗೆ ‘ನಾ’, ‘ನೀಂ’, ‘ಗಡಾ’ದಂತಹ ದೀರ್ಘಸ್ವರದಲ್ಲೋ ಅನುಸ್ವಾರದಲ್ಲೋ ಮುಗಿಯುವ ಪದಗಳನ್ನು ಮೊದಲೇ ಆರಿಸಿಟ್ಟುಕೊಂಡು, ಅಲ್ಲಿಂದ ಹಿಂದಕ್ಕೆ ಸಾಲು ಕಟ್ಟುತ್ತ ಬಂದರೆ ಕೆಲಸ ಹಗುರ.