ತೇಜಸ್ ದುಡ್ಡು ಪೀಣ್ಯದ ಶೆಡ್‌ಗೆ ಬರೋ ದಾರಿ

ಇದು ಹಳೇ ಏರ್‌ಪೋರ್ಟ್ ರೋಡ್. ಎಚ್‌ಎಎಲ್ ವಿಮಾನ ಕಾರ್ಖಾನೆ ಗೇಟ್ ಕಡೆ ಕ್ಯಾಮೆರಾ ಎತ್ತೋ ಹಾಗಿಲ್ಲ, ಅದಕ್ಕೇ ಸದ್ಯಕ್ಕೆ ಟ್ರಾಫಿಕ್ ನೋಡ್ತಾ ಇರಿ. 1940ರ ಡಿಸೆಂಬರ್‌ನಲ್ಲಿ ವಾಲಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಶುರು ಮಾಡಿದ ಕಾರ್ಖಾನೆ. ವಿಮಾನಪುರ ಅನ್ನೋ ಬಡಾವಣೆ ಹುಟ್ಟಿದ್ದೇ ಇದರಿಂದ. ಈಗ ಇಲ್ಲಿ ತೇಜಸ್ ಯುದ್ಧವಿಮಾನದ ಜೋಡಣೆಗೆ ಎರಡು ಲೈನ್ ಇವೆ, ಮೂರನೇದು ನಾಸಿಕ್‌ನಲ್ಲಿ.

ವಿಮಾನ ಬೆಂಗಳೂರಲ್ಲೇ ಜೋಡಣೆ ಆಗುತ್ತೆ ಅಂದಮಾತ್ರಕ್ಕೆ ದುಡ್ಡೆಲ್ಲ ಇಲ್ಲೇ ಉಳಿಯುತ್ತೆ ಅಂದ್ಕೋಬೇಡಿ. ರೆಕ್ಕೆ ಕೊಯಮತ್ತೂರಿನ ಎಲ್ ಅಂಡ್ ಟಿಯಿಂದ ಬರುತ್ತೆ, ಮಧ್ಯದ ಒಡಲು ಹೈದರಾಬಾದ್‌ನಿಂದ. ಎಂಜಿನ್ ಅಮೆರಿಕದ್ದು. 2021ರಲ್ಲಿ 99 ಎಂಜಿನ್‌ಗೆ ಆರ್ಡರ್ ಕೊಟ್ಟರು, ಮೊದಲನೇದು ಸಿಕ್ಕಿದ್ದು 2025ರ ಮಾರ್ಚ್‌ನಲ್ಲಿ. ಬೆಂಗಳೂರಿನ ಸಣ್ಣ ಶೆಡ್‌ಗಳಿಗೆ ಸಿಗೋದು ಬ್ರ್ಯಾಕೆಟ್, ರಿಬ್ (ಒಳಗಿನ ಪಕ್ಕೆಲುಬು), ಫಿಟಿಂಗ್ (ಭಾಗಗಳನ್ನ ಜೋಡಿಸೋ ತುಂಡು), ಜಿಗ್‌ನ (ಜೋಡಿಸುವಾಗ ಹಿಡಿದಿಡೋ ಚೌಕಟ್ಟಿನ) ಭಾಗ, ಇಂಥವು. ಅದೇನು ಕಮ್ಮಿ ಅಲ್ಲ. ಬನ್ನಿ, ಸಣ್ಣ ಕಾರ್ಖಾನೆಗಳ ಪೀಣ್ಯಕ್ಕೆ ಹೋಗೋಣ.

ಬಂದ್ವಿ. ಮೇಜಿನ ಮೇಲಿರೋದು 7075 ಅನ್ನೋ ಗ್ರೇಡಿನ ಅಲ್ಯೂಮಿನಿಯಂ ದಿಮ್ಮಿ. ಉದ್ದ 300, ಅಗಲ 200, ದಪ್ಪ 80 ಮಿಲಿಮೀಟರ್; ತೂಕ ಹದಿಮೂರೂವರೆ ಕೆಜಿ. ಇದರಿಂದ ಹೊರಡೋ ಫಿಟಿಂಗ್ ಒಂದೂಕಾಲು ಕೆಜಿ ಅಂತಿಟ್ಕೊಳ್ಳಿ, ಹನ್ನೆರಡು ಕೆಜಿಗೂ ಮೇಲೆ ಚಿಪ್ಸ್ (ಲೋಹದ ಚೂರು) ಆಗಿ ಡ್ರಮ್‌ಗೆ ಹೋಗುತ್ತೆ. ಆ ಡ್ರಮ್‌ಗೆ 6061 ಅನ್ನೋ ಇನ್ನೊಂದು ಗ್ರೇಡಿನ ಚಿಪ್ಸ್ ಸೇರಿದ್ರೆ ಗುಜರಿಯವರು ರೇಟ್ ಇಳಿಸ್ತಾರೆ, ಯಾಕಂದ್ರೆ 7075ರಲ್ಲಿ ಸತು ಜಾಸ್ತಿ, ಎರಡನ್ನೂ ಒಟ್ಟಿಗೆ ಕರಗಿಸಿದ್ರೆ ಯಾವ ಗ್ರೇಡೂ ಅಲ್ಲ. ಒಂದೊಂದು ಗ್ರೇಡ್‌ಗೆ ಒಂದೊಂದು ಡ್ರಮ್ ಇಡೋಕೆ ಖರ್ಚೇನಿದೆ? ಆದ್ರೂ ಎಷ್ಟೋ ಶೆಡ್‌ಗಳಲ್ಲಿ ಇಡಲ್ಲ.

ಕಟಿಂಗ್ ವಿಡಿಯೋದಲ್ಲಿ ಓಡ್ತಿದೆ, ನೋಡ್ಕೊಳ್ಳಿ. ಒಂದು ಮಾತ್ರ ಹೇಳ್ತೀನಿ. ಒಂದೇ ಕಡೆಯಿಂದ ಪೂರ್ತಿ ಕೊರೆದ್ರೆ ಹಿಡಿದಿಟ್ಟ ವೈಸ್ ಬಿಚ್ಚಿದ ತಕ್ಷಣ ಪೀಸ್ ಬಾಗುತ್ತೆ, ಒಳಗಿನ ಒತ್ತಡ ಒಂದೇ ಬದಿಗೆ ಸಡಿಲ ಆಗುತ್ತಲ್ಲ. ಎರಡೂ ಕಡೆ ರಫ್ ಮಾಡಿ, ಅಂದ್ರೆ ಒರಟಾಗಿ ಕೊರೆದು, ಎರಡು ಮಿಲಿಮೀಟರ್ ಬಿಟ್ಟು, ಬಿಚ್ಚಿಟ್ಟು, ಆಮೇಲೆ ಫಿನಿಶ್ ಮಾಡಬೇಕು.

ಈಗ ತಲೆನೋವಿನ ಕಥೆ. ಕೊನೇ ಆಪರೇಷನ್ ಎಷ್ಟೋ ಸಲ ರೀಮಿಂಗ್, ಅಂದ್ರೆ ತೂತನ್ನ ನಿಖರ ಅಳತೆಗೆ ತರೋದು. ಅಷ್ಟರಲ್ಲಿ ಮೆಷಿನ್ ಗಂಟೆ, ಟೂಲ್, ಕೂಲಿ ಎಲ್ಲ ಅದರ ಮೇಲೆ ಸುರಿದಾಗಿರುತ್ತೆ. ರೀಮರ್ ತುದಿಗೆ ಚಿಪ್ಸ್ ಅಂಟಿ ತೂತು ಒಂದು ಕೂದಲೆಳೆ ದೊಡ್ಡದಾಯ್ತು ಅನ್ನಿ. ತುಂಬೋಕಾಗಲ್ಲ, ಬೆಸುಗೆ ಹಾಕೋ ಹಾಗಿಲ್ಲ. 7075ಕ್ಕೆ ಮಾಮೂಲಿ ಬೆಸುಗೆ ಹಾಕಿದ್ರೆ ಬಿರುಕು ಬಿಡೋದೇ ಹೆಚ್ಚು. ಲೋಪದ ವರದಿ ಬರೆದು ಡಿಸೈನ್‌ನವರಿಗೆ ಕಳಿಸಬೇಕು. ಅವರು ಕನ್ಸೆಷನ್ (ಲೋಪ ಇದ್ರೂ ಬಳಸೋಕೆ ಒಪ್ಪಿಗೆ) ಕೊಟ್ರೆ ಒಂದು ಸೈಜ್ ದಪ್ಪದ ಫಾಸ್ಟನರ್ (ಬೋಲ್ಟ್, ರಿವೆಟ್ ಥರದ್ದು) ಹಾಕಿ ಬಚಾವ್. ಕೊಡದಿದ್ರೆ ಸ್ಕ್ರ್ಯಾಪ್. ಉತ್ತರ ಬರೋವರೆಗೂ ಆ ಪೀಸ್ ಕೆಂಪು ಟ್ಯಾಗ್ ಕಟ್ಕೊಂಡು ಕಪಾಟಿನಲ್ಲಿ ಕೂತಿರುತ್ತೆ, ಬಿಲ್ಲೂ ಅದರ ಜೊತೆ ಕೂರುತ್ತೆ. ಐದು ಆಕ್ಸಿಸ್ ಮೆಷಿನ್‌ನ ಇಎಂಐ ಮಾತ್ರ ಕೂರಲ್ಲ.

ಜಾಬ್ ವರ್ಕ್‌ಗೆ, ಅಂದ್ರೆ ಕೂಲಿಗೆ ಮಾಡಿಕೊಡೋ ಕೆಲಸಕ್ಕೆ, ಮೆಟೀರಿಯಲ್ ಆರ್ಡರ್ ಕೊಟ್ಟವರೇ ಕೊಡ್ತಾರಲ್ಲ, ಸಣ್ಣವರಿಗೆ ಅದು ದೊಡ್ಡ ಅನುಕೂಲ. ಬಂಡವಾಳ ಕಟ್ಟಿಹಾಕೋದು ತಪ್ಪುತ್ತೆ. ಹಾಂ, ಆದ್ರೆ ಪೀಸ್ ಕೆಟ್ರೆ ಆ ಮೆಟೀರಿಯಲ್ ದುಡ್ಡನ್ನೂ ಬಿಲ್ಲಲ್ಲಿ ಮುರ್ಕೊಳ್ಳೋ ಕರಾರಿದ್ರೆ? ಆಗ ಹತ್ತು ಪೀಸಿನ ಲಾಭ ಒಂದು ತೂತಿಗೆ ಸಮ. ಇಲ್ಲ, ಅನುಕೂಲ ಅಂದಿದ್ದು ವಾಪಸ್. ಕರಾರು ಓದಿ ಸಹಿ ಹಾಕಿ.

ಮೆಷಿನಿಂಗ್ ಆದ ಮೇಲೆ ಅನೋಡೈಸಿಂಗ್ (ತುಕ್ಕು ತಡೆಯೋ ಆಕ್ಸೈಡ್ ಪದರ ಕೂರಿಸೋದು), ಬಿರುಕು ಪರೀಕ್ಷೆ. ಇವನ್ನ ಮನ್ನಣೆ ಪಡೆದ ಕಡೆಯೇ ಮಾಡಿಸಬೇಕು, ಹತ್ತಿರದ ಪ್ಲೇಟಿಂಗ್ ಅಂಗಡಿ ಆಗಲ್ಲ. ಅಂಥ ಜಾಗ ಕಮ್ಮಿ, ಕ್ಯೂ ಉದ್ದ. ತುಮಕೂರು ಜಿಲ್ಲೆ ಗುಬ್ಬಿ ಹತ್ತಿರ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯ್ತಲ್ಲ, ಸುತ್ತ ಸೈಟ್ ಬೋರ್ಡ್ ನೆಟ್ಟರೆ ಏನು ಬಂತು? ತುಮಕೂರಲ್ಲಿ ನಾಲ್ಕು ಒಳ್ಳೇ ಅನೋಡೈಸಿಂಗ್ ತೊಟ್ಟಿ ಆದ್ರೆ ಊರ ಹುಡುಗರಿಗೆ ಕೆಲಸ ಸಿಗುತ್ತೆ. ಸೈಟ್ ವಿಷಯ ಬೇಡ, ಅದಕ್ಕೆ ಬೇರೆ ವಿಡಿಯೋನೇ ಬೇಕು.

ಟೆಂಪೋ ಬಂತು, ಬೇಗ ಹೇಳ್ತೀನಿ. ಉದ್ಯಮ್ ನೋಂದಣಿ ಇರೋ ಸಣ್ಣ ಘಟಕಕ್ಕೆ 2006ರ ಎಂಎಸ್‌ಎಂಇ (ಸಣ್ಣ-ಮಧ್ಯಮ ಉದ್ಯಮ) ಕಾಯ್ದೆ ಪ್ರಕಾರ, ಕರಾರಲ್ಲಿ ಏನೇ ಬರೆದಿದ್ರೂ ಮಾಲು ಒಪ್ಪಿಕೊಂಡ 45 ದಿನದೊಳಗೆ ಹಣ ಬರಬೇಕು. ತಡ ಆದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಮಾಲು ತಲುಪಿ 15 ದಿನದೊಳಗೆ ಲಿಖಿತ ತಕರಾರು ಬರದಿದ್ರೆ ಒಪ್ಪಿದ ಹಾಗೇ ಲೆಕ್ಕ. ಅದಕ್ಕೇ ಡೆಲಿವರಿ ಚಲನ್ ಮೇಲೆ ತಾರೀಖು, ಸೀಲು ಎರಡೂ ಹಾಕಿಸ್ಕೊಳ್ಳಿ. ಕಾನೂನೇನೋ ಚೆನ್ನಾಗಿದೆ, ಮುಂದಿನ ಆರ್ಡರ್ ಬೇಕಾದವರು ದೂರು ಕೊಡಲ್ಲ ಅಷ್ಟೇ. ಲೋಡ್ ಆಯ್ತು. ಮೆಟೀರಿಯಲ್ ಸರ್ಟಿಫಿಕೇಟ್ ಮೇಲಿರೋ ಹೀಟ್ ನಂಬರ್ (ಲೋಹ ಕರಗಿಸಿದ ಬ್ಯಾಚಿನ ನಂಬರ್) ಪೀಸಿನ ಟ್ಯಾಗ್‌ಗೆ ಹೊಂದುತ್ತಾ ಅಂತ ನೋಡೇ ಡಬ್ಬ ಮುಚ್ಚಿದ್ದು. ಹೊಂದದಿದ್ರೆ ಆ ಗಾಡಿ ಗೇಟಿಂದಲೇ ವಾಪಸ್.