ಕಿತ್ತಳೆಯೊಂದು ಬೀಳಲು 24 ಫ್ರೇಮ್

ಕೇಳುಗರಿಗೆಲ್ಲ ನಮಸ್ಕಾರ.

ಮಳೆ ರಜೆ ಅಂದರೆ ಏನೆಂದು ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಭಾಗಮಂಡಲದ ಸಂಗಮದಲ್ಲಿ ನೀರು ಏರಿತೋ, ಶಾಲೆಗೆ ರಜೆ. ಅಂಥ ಒಂದು ವಾರ ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗಳು ಲ್ಯಾಪ್‌ಟಾಪನ್ನು ನನ್ನ ಮಡಿಲಿಗೇ ತಂದಿಟ್ಟು, "ಮಾವ, ಈ ಕಿತ್ತಳೆ ಯಾಕೆ ಹೀಗೆ ಬೀಳ್ತದೆ?" ಅಂದಳು. ನೋಡಿದೆ. ಕಿತ್ತಳೆ ಬೀಳುತ್ತಲೇ ಇರಲಿಲ್ಲ. ಬಾವಿಗೆ ಕೊಡಪಾನ ಇಳಿಬಿಟ್ಟ ಹಾಗೆ ಮೆಲ್ಲಗೆ ಇಳಿದು, ಅಂಗಳಕ್ಕೆ ನೋವಾದೀತೇನೋ ಎಂಬಂತೆ ಕೂತಿತು.

ಅನಿಮೇಷನ್ ನನ್ನ ಹೊಟ್ಟೆಪಾಡು. ಪರದೆ ತೋರಿಸದೆ ಅದನ್ನು ಬಾನುಲಿಯಲ್ಲಿ ವಿವರಿಸುವುದು ಊಟದ ವಾಸನೆ ಮಾತ್ರ ಬಡಿಸಿದಂತೆ. ಆದರೂ ಒಂದು ಪ್ರಯತ್ನ.

ಅವಳು ಬಳಸುತ್ತಿದ್ದ ಬ್ಲೆಂಡರ್ ಎಂಬ ಅನಿಮೇಷನ್ ತಂತ್ರಾಂಶ ಯಾರಿಗೂ ಉಚಿತ. ಅದರ ಕೆಳಭಾಗದಲ್ಲಿ ಅಡ್ಡಕ್ಕೆ ಒಂದು ಪಟ್ಟಿ ಇರುತ್ತದೆ, ಅದೇ ಟೈಮ್‌ಲೈನ್. ಅದರ ಮೇಲಿನ ಅಂಕಿಗಳು ಫ್ರೇಮುಗಳು, ಅಂದರೆ ಬಿಡಿ ಚಿತ್ರಗಳು, ಸೆಕೆಂಡಿಗೆ 24. ಒಂದನೇ ಫ್ರೇಮಿನಲ್ಲಿ ಕಿತ್ತಳೆಯನ್ನು ಕೊಂಬೆಯ ಹತ್ತಿರ ಇಟ್ಟು, ಕೀಬೋರ್ಡಿನಲ್ಲಿ 'ಐ' ಅಕ್ಷರ ಒತ್ತಿದರೆ ಟೈಮ್‌ಲೈನಿನಲ್ಲಿ ವಜ್ರಾಕಾರದ ಒಂದು ಚಿಕ್ಕ ಗುರುತು ಬೀಳುತ್ತದೆ. "ಈ ಹೊತ್ತಿಗೆ ಇದು ಇಲ್ಲಿತ್ತು" ಎಂಬ ದಾಖಲೆ ಅದು; ಅದೇ ಕೀಫ್ರೇಮ್. ಮುಂದೆ 25ನೇ ಫ್ರೇಮಿಗೆ ಹೋಗಿ, ಕಿತ್ತಳೆಯನ್ನು ನೆಲಕ್ಕಿಳಿಸಿ, ಮತ್ತೆ 'ಐ'. ನಡುವಿನ 23 ಫ್ರೇಮುಗಳನ್ನು ಕಂಪ್ಯೂಟರೇ ತುಂಬಿಕೊಳ್ಳುತ್ತದೆ. ಹಣ್ಣನ್ನು ಸರಿಸಿ 'ಐ' ಒತ್ತಲು ಮರೆತು ಮುಂದಿನ ಫ್ರೇಮಿಗೆ ಹೋದಿರೋ, ಹಣ್ಣು ಹಳೆಯ ಜಾಗಕ್ಕೇ ಓಡಿಹೋಗುತ್ತದೆ. ಹೊಸಬರು ಮೊದಲ ದಿನ ತಲೆ ಚಚ್ಚಿಕೊಳ್ಳುವುದು ಇಲ್ಲೇ.

ಕೈಯಲ್ಲಿ ಬಿಡಿಸುವ ಕಾಲದಲ್ಲಿ ಹಿರಿಯ ಕಲಾವಿದ ಮುಖ್ಯ ಭಂಗಿಗಳನ್ನು ಬರೆದು ಕೊಡುತ್ತಿದ್ದ, ಸಹಾಯಕರು ನಡುವಿನವನ್ನು ಬರೆದು ಬರೆದು ಸುಸ್ತಾಗುತ್ತಿದ್ದರು. ಆ ನಡುಚಿತ್ರಗಳ ಕೆಲಸವನ್ನು ಕಂಪ್ಯೂಟರಿಗೆ ಕಲಿಸಿದ ಮೊದಲಿಗರು ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನ ನೆಸ್ಟರ್ ಬರ್ಟ್ನಿಕ್ ಮತ್ತು ಮಾರ್ಸೆಲಿ ವೈನ್.

ಆದರೆ ಕಂಪ್ಯೂಟರ್ ಸಹಾಯಕನಿಗೆ ತೂಕ ಅಂದರೆ ಏನೆಂದು ಗೊತ್ತಿಲ್ಲ. ಎರಡು ಗುರುತುಗಳ ನಡುವೆ ಅದು ತಾನಾಗಿ ಎಳೆಯುವ ಗೆರೆ ಬೆಜಿಯರ್ ವಕ್ರರೇಖೆ: ನಿಧಾನಕ್ಕೆ ಹೊರಟು, ನಡುವೆ ಓಡಿ, ನಿಧಾನಕ್ಕೆ ನಿಲ್ಲುತ್ತದೆ. ಬಾಗಿಲು ತೆರೆಯಲು ಇದು ಸೊಗಸು; ಬೀಳುವ ಹಣ್ಣಿಗೆ ಸಲ್ಲದು. ಹಣ್ಣು ನೆಲ ಮುಟ್ಟುವ ಕ್ಷಣದಲ್ಲೇ ಅದರ ವೇಗ ಅತಿ ಹೆಚ್ಚು. ಲೆಕ್ಕ ನೋಡಿ: ಒಂದು ಸೆಕೆಂಡಿನಲ್ಲಿ ಹಣ್ಣು ಬೀಳುವುದು ಹೆಚ್ಚುಕಡಿಮೆ 4.9 ಮೀಟರ್, ಅರ್ಧ ಸೆಕೆಂಡಿನಲ್ಲಿ ಬರೀ 1.2 ಮೀಟರ್. ಅಂದರೆ ಅರ್ಧ ಸಮಯ ಕಳೆದರೂ ಕಾಲು ದಾರಿಯಷ್ಟೇ ಸವೆದಿರುತ್ತದೆ. ಉಳಿದ ಮುಕ್ಕಾಲು ದಾರಿಯನ್ನು ಉಳಿದ ಅರ್ಧ ಸಮಯದಲ್ಲಿ ಅದು ನುಂಗಿಬಿಡುತ್ತದೆ.

ನಮ್ಮ ಹುಡುಗಿ ಇದನ್ನು ಸರಿಮಾಡಲು ಎರಡು ಫ್ರೇಮಿಗೊಂದರಂತೆ ಕೀಫ್ರೇಮ್ ಬಡಿದಿದ್ದಳು. ಟೈಮ್‌ಲೈನ್ ಕಣದಲ್ಲಿ ಹರವಿದ ಕಾಫಿ ಬೀಜದ ಹಾಗಿತ್ತು. ಹಣ್ಣು ಮಾತ್ರ ಜೀಪಿನಲ್ಲಿ ಕಲ್ಲುದಾರಿ ಹತ್ತಿದಂತೆ ಕುಲುಕುತ್ತಿತ್ತು. ಎಲ್ಲ ಅಳಿಸು ಅಂದೆ. ಮುಖ ಊದಿಸಿಕೊಂಡೇ ಅಳಿಸಿದಳು. ಉಳಿಸಿದ್ದು ಎರಡೇ. ಆ ವಕ್ರರೇಖೆಯನ್ನು ತಿದ್ದುವ ಗ್ರಾಫ್ ಎಡಿಟರ್ ತೆರೆದು, ನೆಲ ಮುಟ್ಟುವ ಗುರುತನ್ನು ಆರಿಸಿ, 'ವಿ' ಒತ್ತಿ, ಗೆರೆಯನ್ನು ಬಾಗಿಸುವ ಅದರ ಎರಡು ಹಿಡಿಗಳನ್ನು 'ಫ್ರೀ' ಮಾಡಿ, ಅಂದರೆ ಬೇರೆಬೇರೆಯಾಗಿ ಆಡುವಂತೆ ಬಿಟ್ಟು, ಎರಡನ್ನೂ ಮೇಲಕ್ಕೆ ಎಳೆಸಿದೆ. ದುಂಡಗಿದ್ದ ಗೆರೆ ಅಲ್ಲಿ ಚೂಪಾಯಿತು. ಓಡಿಸಿದೆವು. ಧೊಪ್ಪನೆ ಬಿತ್ತು! ಪಕ್ಕದ ಕೋಣೆಯಿಂದ ಅಕ್ಕ, "ಏನು ಬಿದ್ದದ್ದು?" ಅಂದಳು. ನಗಬೇಡಿ, ನಿಜಕ್ಕೂ ಅಂದಳು. ಲ್ಯಾಪ್‌ಟಾಪಿನಲ್ಲಿ ಸದ್ದು ಇರಲೇ ಇಲ್ಲ. ಅವಳು ಕೇಳಿಸಿಕೊಂಡದ್ದು ನಮ್ಮಿಬ್ಬರ ಕಿರುಚಾಟ.

ಕೀಫ್ರೇಮ್ ಎಲ್ಲಿ ಹಾಕಬೇಕು ಅಂದರೆ ದಿಕ್ಕು ಬದಲಾಗುವಲ್ಲಿ. ಹುತ್ತರಿ ಕೋಲಾಟವನ್ನು ಮಂದ್‌ನಲ್ಲಿ, ಅಂದರೆ ಊರ ಬಯಲಿನಲ್ಲಿ, ನಿಂತು ನೋಡಿದವರಿಗೆ ಇದು ಹೊಸದಲ್ಲ. ಕೋಲು ಎತ್ತರ ಮುಟ್ಟಿದಾಗ ಒಂದು, ಕೋಲಿಗೆ ಕೋಲು ತಾಗಿದಾಗ ಒಂದು. ನಡುವೆ ಕೈ ಗಾಳಿಯಲ್ಲಿ ಹೇಗೆ ಬಂತೆಂದು ಆಡುವವನೂ ಲೆಕ್ಕ ಇಡುವುದಿಲ್ಲ. ನಿಮಿಷಕ್ಕೆ 120 ಪೆಟ್ಟು ಬೀಳುವ ತಾಳ ಸಿಕ್ಕಿದರೆ 12 ಫ್ರೇಮಿಗೊಂದು ಪೆಟ್ಟು. ನಾನಾದರೆ ಮೊದಲು ಗುರುತುಗಳನ್ನೆಲ್ಲ 'ಕಾನ್‌ಸ್ಟೆಂಟ್' ಮಾಡಿಬಿಡುತ್ತೇನೆ. ಆಗ ನಡುಚಿತ್ರವೇ ಇರದು, ಭಂಗಿಯಿಂದ ಭಂಗಿಗೆ ನೆಗೆತ. ಆ ಒರಟು ನೆಗೆತದಲ್ಲೇ ತಾಳ ಸರಿಬಂತೇ ಎಂದು ನೋಡಿಕೊಂಡು, ಆಮೇಲೆ ನಯ ಮಾಡುವುದು. ತಾಳ ತಪ್ಪಿದ್ದನ್ನು ಎಷ್ಟು ನಯ ಮಾಡಿದರೂ ತಪ್ಪಿದ್ದೇ.

ಪುಟಿಯುವ ವಿಷಯಕ್ಕೂ ಒಂದು ಲೆಕ್ಕವಿದೆ. ಎತ್ತರ ಕಾಲು ಭಾಗಕ್ಕೆ ಇಳಿದರೆ, ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ನಮ್ಮ ಕಿತ್ತಳೆ ಮೊದಲ ಸಲ ಮೇಲೇರಲು 12 ಫ್ರೇಮ್, ಆಮೇಲೆ 6, ಆಮೇಲೆ 3. ನಿಜದ ಕಿತ್ತಳೆ ಅಷ್ಟು ಪುಟಿಯದು, ಒಡೆದೇ ಹೋದೀತು ಅಂತೀರಿ. ಗೊತ್ತು.

ಮೂರನೆಯ ಸಂಜೆ ಕರೆಂಟು ಹೋಯಿತು, ಲ್ಯಾಪ್‌ಟಾಪಿನ ಬ್ಯಾಟರಿಯೂ ಕೈಕೊಟ್ಟಿತು. ಎರಡು ನಿಮಿಷಕ್ಕೊಮ್ಮೆ ತಾನಾಗಿಯೇ ಪ್ರತಿ ಉಳಿಸುವ ಏರ್ಪಾಡು ಬ್ಲೆಂಡರಿನಲ್ಲಿ ಇರುವುದರಿಂದ ಬಚಾವಾದೆವು.

ರಜೆ ಮುಗಿಯುವ ಹೊತ್ತಿಗೆ ಅವಳ ಕಿತ್ತಳೆ ಮೂರು ಸಲ ಪುಟಿದು, ಅಂಗಳ ದಾಟಿ, ಚರಂಡಿಗೆ ಬೀಳುತ್ತಿತ್ತು. ಏರಿಳಿತಕ್ಕೆ ಎಷ್ಟು ಕೀಫ್ರೇಮ್ ಇವೆ ಎಂದು ಎಣಿಸಿದೆ. ಹತ್ತು.

"ಒಂಬತ್ತು ಸಾಕಿತ್ತಾ ಮಾವ?" ಅಂದಳು.

ನಮಸ್ಕಾರ.